ಆ ಹುಡುಗನನ್ನು ನೀವು ನೋಡಿದ್ದೀರಿ

ಸಿಂಹಾಚಲಕ್ಕೆ ಹೋಗಿಬಂದವರು ನಿಮ್ಮಲ್ಲಿ ಸಾಕಷ್ಟು ಜನ ಇದ್ದೀರಿ. ಮಧ್ವಾಚಾರ್ಯರ ಶಿಷ್ಯ ನರಹರಿತೀರ್ಥರ ನೆನಪಿರುವ ಬೆಟ್ಟವೆಂದೋ, ಕಳಿಂಗದ ದಂಡಯಾತ್ರೆಯಲ್ಲಿ ಕೃಷ್ಣದೇವರಾಯ 1516ರಲ್ಲಿ ಬಂದು ಕಾಣಿಕೆ ಒಪ್ಪಿಸಿದ ಸನ್ನಿಧಿಯೆಂದೋ, ಮನೆದೇವರು ನರಸಿಂಹನೆಂದೋ ಹೋಗಿರುತ್ತೀರಿ. ವರ್ಷವಿಡೀ ಗಂಧದೊಳಗೆ ಅಡಗಿರುವ ಸ್ವಾಮಿಗೆ ಕೈಮುಗಿದು, ಬೆಟ್ಟ ಇಳಿದು, ಗೋಪಾಲಪಟ್ಟಣದ ಗದ್ದಲ ದಾಟಿ ವಿಶಾಖಪಟ್ಟಣದ ಕಡೆಗೆ ಬರುವಾಗ ರಸ್ತೆಬದಿಯ ತಗಡಿನ ಶೆಡ್ಡುಗಳಲ್ಲಿ ಕಿಡಿ ಹಾರುವುದನ್ನೂ ನೋಡಿರುತ್ತೀರಿ. ಗೇಟು ಮಾಡುವವರು, ಗ್ರಿಲ್ ಮಾಡುವವರು, ಲಾರಿಯ ಮುರಿದ ಚಾಸಿ ಬೆಸೆಯುವವರು, ಹಳೆಯ ಯಂತ್ರ ಕತ್ತರಿಸಿ ಗುಜರಿಗೆ ಹಾಕುವವರು. ಗಾಜುವಾಕದ ಆಟೋನಗರದಲ್ಲಿ, ವಿಜಯವಾಡದ ಆಟೋನಗರದಲ್ಲಿ, ನಮ್ಮ ಪೀಣ್ಯದಲ್ಲಿ, ಮಂಗಳೂರಿನ ದಕ್ಕೆಯಲ್ಲಿ, ನಿಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ನೋಟ ಒಂದೇ: ಒಂದು ಕಪ್ಪು ಸಿಲಿಂಡರು, ಪಕ್ಕದಲ್ಲೊಂದು ಕಂದುಗೆಂಪು ಸಿಲಿಂಡರು, ಎರಡು ಪೈಪು, ಒಂದು ಟಾರ್ಚು, ರಬ್ಬರ್ ಚಪ್ಪಲಿ ಹಾಕಿಕೊಂಡ ಒಬ್ಬ ಹುಡುಗ.

ಆ ಹುಡುಗನನ್ನು ನೀವು ನೋಡಿದ್ದೀರಿ.

ಬೆಳಿಗ್ಗೆ ಲಗೇಜ್ ಆಟೋ ಬಂದು ನಿಲ್ಲುತ್ತದೆ. ತುಂಬಿದ ಆಕ್ಸಿಜನ್ ಸಿಲಿಂಡರು ಅರವತ್ತು ಕಿಲೋ ಆಸುಪಾಸು, ಸುಲಭಕ್ಕೆ ಇಳಿಯುವಂಥದಲ್ಲ. ಹುಡುಗ ಹಳೆಯ ಟೈರೊಂದನ್ನು ನೆಲಕ್ಕೆ ಹಾಕುತ್ತಾನೆ, ಡ್ರೈವರು ಮೇಲಿನಿಂದ ದಬ್ಬುತ್ತಾನೆ, ಸಿಲಿಂಡರು ಟೈರಿನ ಮೇಲೆ ಧಡ್ಡೆಂದು ಬಿದ್ದು, ಪುಟಿದು, ಉರುಳುತ್ತದೆ. ವಾಲ್ವಿಗೆ ಮುಚ್ಚಳವಿಲ್ಲ. ಹುಡುಗ ಅದನ್ನು ಕಾಲಿನಲ್ಲಿ ತಡೆದು, ಎತ್ತಿ ನಿಲ್ಲಿಸಿ, ಓರೆ ಮಾಡಿ, ಬುಡದ ಅಂಚಿನ ಮೇಲೆ ತಿರುಗಿಸುತ್ತ ತಿರುಗಿಸುತ್ತ ಒಳಗೆ ಒಯ್ದು ಗೋಡೆಗೆ ಒರಗಿಸುತ್ತಾನೆ. ಸರಪಳಿಯಿಲ್ಲ. ಸುಮಾರು 7 ಘನ ಮೀಟರ್ ಆಮ್ಲಜನಕ ಆ ಉಕ್ಕಿನೊಳಗೆ ಸುತ್ತಲಿನ ಗಾಳಿಯ 150 ಪಟ್ಟು ಒತ್ತಡದಲ್ಲಿ ಅದುಮಿಕೊಂಡು ಕೂತಿದೆ. ಸಿಲಿಂಡರು ಉರುಳಿಬಿದ್ದು ಕತ್ತಿನ ವಾಲ್ವು ಮುರಿಯಿತೆಂದರೆ ಇಟ್ಟಿಗೆಯ ಗೋಡೆ ತೂರಿಕೊಂಡು ಹೋಗುವಷ್ಟು ರಭಸ ಅದಕ್ಕಿದೆ. ಮಧ್ಯಾಹ್ನದ ಸೆಕೆಗೆ ಮೈಯೆಲ್ಲ ಬೆವರು, ಬೆವರಿಗೆ ಕಬ್ಬಿಣದ ಪುಡಿ. ಆಗ ಹುಡುಗ ಆಕ್ಸಿಜನ್ ಪೈಪು ಬಿಚ್ಚಿ ಅಂಗಿಯೊಳಗೆ, ತಲೆಗೂದಲೊಳಗೆ ಬಿಟ್ಟುಕೊಳ್ಳುತ್ತಾನೆ. ತಂಪಾಗುತ್ತದೆ, ಧೂಳು ಹಾರುತ್ತದೆ. ಆ ಗಳಿಗೆ ಅವನ ಮುಖ ನೋಡಬೇಕು, ಎಷ್ಟು ಹಾಯಾಗಿ ನಗುತ್ತಾನೆ! ಅಂಗಿಯ ಎಳೆ ಎಳೆಯಲ್ಲೂ ಈಗ ಆಮ್ಲಜನಕ ತುಂಬಿದೆಯೆಂದು, ಇನ್ನೊಂದು ಕಿಡಿ ಬಿದ್ದರೆ ಗುಂಡಿ ಬಿಚ್ಚುವಷ್ಟು ಹೊತ್ತನ್ನೂ ಕೊಡದೆ ಅದು ಭಗ್ಗೆಂದು ಹತ್ತಿಕೊಳ್ಳುತ್ತದೆಂದು ಅವನಿಗೆ ಯಾರೂ ಹೇಳಿಲ್ಲ.

ಅವನಿಗೆ ಹೇಳಿಲ್ಲ. ನಿಮಗೆ ಗೊತ್ತು. ಆಮ್ಲಜನಕ ತಾನು ಉರಿಯದು, ಉರಿಯುವುದನ್ನು ಕೆರಳಿಸುತ್ತದೆ ಎಂದು ಹೈಸ್ಕೂಲಿನಲ್ಲೇ ಓದಿದ್ದೀರಿ. ಅದಕ್ಕೇ ಅದರ ವಾಲ್ವಿಗೆ, ರೆಗ್ಯುಲೇಟರಿಗೆ ಎಣ್ಣೆ, ಗ್ರೀಸು ಸೋಕಕೂಡದು. ಒತ್ತಡದ ಆಮ್ಲಜನಕ ಎಣ್ಣೆಯ ಪಸೆಗೆ ತಾಗಿದರೆ ಬೆಂಕಿಕಡ್ಡಿಯ ಹಂಗಿಲ್ಲದೆ ಉರಿ ಏಳುತ್ತದೆ. ದೋಣಿಯ ಇಂಜಿನ್ ಬಿಚ್ಚಿದ ಕೈ, ಲಾರಿಯ ಹಬ್ ಬಿಚ್ಚಿದ ಕೈ, ಒರೆಸಿಕೊಂಡ ಮೇಲೂ ಎಣ್ಣೆಯ ಕೈಯೇ. ಕಂದುಗೆಂಪು ಸಿಲಿಂಡರಿನ ಕಥೆ ಇನ್ನೂ ಸೂಕ್ಷ್ಮ. ಮೇಸ್ತ್ರಿಗಳು ಡಿ.ಎ. ಎನ್ನುವ ಆ ಅಸಿಟಿಲೀನ್ ಸಿಲಿಂಡರಿನ ಒಳಗೆ ಸರಂಧ್ರವಾದ ಒಂದು ಗಟ್ಟಿ ತುಂಬು, ಅದರೊಳಗೆ ಅಸಿಟೋನ್, ಆ ಅಸಿಟೋನಿನಲ್ಲಿ ಕರಗಿದ ಅನಿಲ. ಇಷ್ಟು ಜೋಪಾನ ಏಕೆಂದರೆ ಬಿಡಿಯಾಗಿ ಅದುಮಿದರೆ ಅಸಿಟಿಲೀನ್ ಗಾಳಿಯ ನೆರವೇ ಇಲ್ಲದೆ ತಾನಾಗಿ ಸಿಡಿಯಬಲ್ಲದು. ಅದನ್ನು ನಿಲ್ಲಿಸಿಯೇ ಇಡಬೇಕು. ಎಷ್ಟು ಕಡೆ ಮಲಗಿಸಿರುವುದನ್ನು ನೀವು ನೋಡಿಲ್ಲ! ಟಾರ್ಚಿನ ಜ್ವಾಲೆ ಒಮ್ಮೊಮ್ಮೆ ಟಪ್ಪೆಂದು ಹಿಂದಕ್ಕೆ ತಿರುಗಿ ಪೈಪಿನೊಳಗೆ ನುಗ್ಗುತ್ತದೆ. ಅದನ್ನು ನಡುದಾರಿಯಲ್ಲೇ ತಡೆದು ನಂದಿಸಲು ಹೆಬ್ಬೆರಳು ಗಾತ್ರದ ಒಂದು ಹಿತ್ತಾಳೆಯ ಸಾಧನವಿದೆ, ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್. ಒಂದೆರಡು ಸಾವಿರ ರೂಪಾಯಿಯ ಆಸುಪಾಸಿನ ವಸ್ತು. ಅದಿಲ್ಲದ ಶೆಡ್ಡಿನಲ್ಲಿ ಬೆಂಕಿಗೂ ಸಿಲಿಂಡರಿಗೂ ನಡುವೆ ಇರುವುದು ತೇಪೆ ಹಾಕಿದ, ತಂತಿ ಬಿಗಿದ ಒಂದು ರಬ್ಬರ್ ಪೈಪು ಮಾತ್ರ.

ಗ್ಯಾಸು ಎಂದರೇನೆಂದು ವಿಶಾಖಪಟ್ಟಣಕ್ಕೆ ಯಾರೂ ಪಾಠ ಹೇಳಬೇಕಿಲ್ಲ. 1997ರ ಸೆಪ್ಟೆಂಬರ್ 14ರಂದು ಅಲ್ಲಿನ ತೈಲ ಸಂಸ್ಕರಣಾಗಾರದಲ್ಲಿ ಎಲ್‌ಪಿಜಿ ಸ್ಫೋಟಿಸಿ ಸುಮಾರು 60 ಜನ ಹೋದರು. 2020ರ ಮೇ 7ರ ನಸುಕಿನಲ್ಲಿ, ಸಿಂಹಾಚಲಕ್ಕೆ ದೂರವೇನಲ್ಲದ ಆರ್.ಆರ್. ವೆಂಕಟಾಪುರದಲ್ಲಿ, ಮಲಗಿದ್ದವರ ಮೇಲೆ ಕಾರ್ಖಾನೆಯೊಂದರ ಸ್ಟೈರೀನ್ ಆವಿ ಹರಿದು 12 ಜನ ಸತ್ತರು. ಈ ಎರಡಕ್ಕಿಂತ ನಮ್ಮ ಮಾತಿಗೆ ಹತ್ತಿರದ್ದು 2012ರ ಜೂನ್ 13ರ ರಾತ್ರಿ. ದೇಶದ ಹೆಸರಾಂತ ಉಕ್ಕು ಕಾರ್ಖಾನೆ, ನುರಿತ ಎಂಜಿನಿಯರುಗಳು, ಹೊಸದಾಗಿ ಹಾಕಿದ ಆಮ್ಲಜನಕದ ಕೊಳವೆ ಜಾಲ. ಅದನ್ನು ಚಾಲೂ ಮಾಡಿ ನೋಡುತ್ತಿದ್ದಾಗ ಬೆಂಕಿ ಎದ್ದು 19 ಜನ ಜೀವ ಬಿಟ್ಟರು. ಅಷ್ಟು ಬಲ್ಲವರ ಕೈಯಿಂದಲೂ ಜಾರಿದ ಆಮ್ಲಜನಕವನ್ನು ನಾವು ಏನೂ ಹೇಳಿಕೊಡದೆ ಹದಿನೇಳರ ಹುಡುಗನ ಕೈಗೆ ಕೊಟ್ಟು, ಗೇಟು ಯಾವಾಗ ಸಿಗುತ್ತೆ ಎಂದು ಕೇಳುತ್ತೇವೆ.

ಆ 19 ಜನರ ಸಾವು ದೇಶಕ್ಕೆಲ್ಲ ಗೊತ್ತಾಯಿತು. ಅದೇ ಊರಿನ ಮೀನುಗಾರಿಕೆ ಬಂದರಿನ ಬಳಿ 2025ರ ಆಗಸ್ಟ್‌ನಲ್ಲಿ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಸಿಲಿಂಡರ್ ಸಿಡಿದು ಕೆಲಸಗಾರರು ಸತ್ತದ್ದು ನಿಮಗೆ ಗೊತ್ತಿತ್ತೇ? ಇಂಥ ಸುದ್ದಿ ಒಳಪುಟದಲ್ಲಿ ನಾಲ್ಕು ಸಾಲಾಗಿ ಬಂದು ಮರುದಿನಕ್ಕೆ ರದ್ದಿಯಾಗುತ್ತದೆ. ನಮ್ಮಲ್ಲೂ ಹಾಗೇ. ಊರು, ಸತ್ತವರ ಸಂಖ್ಯೆ, ‘ಸಿಲಿಂಡರ್ ಸ್ಫೋಟ’ ಎಂಬ ಎರಡು ಪದ. ಯಾಕೆ ಸಿಡಿಯಿತು, ಯಾರು ಮಲಗಿಸಿದ್ದರು, ಯಾರು ಬಿಸಿಲಿಗೆ ಬಿಟ್ಟಿದ್ದರು, ಡಿ.ಎ. ದುಬಾರಿಯೆಂದು ಅದರ ಜಾಗದಲ್ಲಿ ಅಡುಗೆಮನೆಯ ಸಿಲಿಂಡರನ್ನು ಯಾರು ತಂದು ಕೂರಿಸಿದ್ದರು, ಯಾರೂ ಬರೆಯುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಮೇಲೇರಿ ಹೋಗದೆ ದೋಣಿಯ ಹೊಟ್ಟೆಯಲ್ಲಿ, ಗ್ಯಾರೇಜಿನ ಗುಂಡಿಯಲ್ಲಿ ಇಳಿದು ಕಿಡಿಗೆ ಕಾಯುತ್ತದೆ ಎಂದೂ ಬರೆಯುವುದಿಲ್ಲ.

ಒಂದು ಕಾಲದಲ್ಲಿ ಇದೇ ಕಪ್ಪು ಸಿಲಿಂಡರಿಗಾಗಿ ನಾವು ಕಣ್ಣೀರಿಟ್ಟಿದ್ದೇವೆ, ಮರೆತಿರಾ? 2021ರ ಏಪ್ರಿಲ್‌ನಲ್ಲಿ ಕಾರ್ಖಾನೆಗಳಿಗೆ ಆಕ್ಸಿಜನ್ ನಿಲ್ಲಿಸಿ ಆಸ್ಪತ್ರೆಗಳಿಗೆ ತಿರುಗಿಸಿದರು. ದೇಶದ ಮೊದಲ ಆಕ್ಸಿಜನ್ ಎಕ್ಸ್‌ಪ್ರೆಸ್ ರೈಲು ಟ್ಯಾಂಕರು ತುಂಬಿಕೊಂಡು ಹೊರಟದ್ದು ವಿಶಾಖಪಟ್ಟಣದ ಆ ಉಕ್ಕು ಕಾರ್ಖಾನೆಯಿಂದಲೇ. ಮೇ ತಿಂಗಳ ಮೊದಲ ವಾರ ಚಾಮರಾಜನಗರದಲ್ಲಿ ಆಕ್ಸಿಜನ್ ಸಾಲದೆ ಒಂದೇ ದಿನದಲ್ಲಿ 24 ರೋಗಿಗಳು ಸತ್ತಾಗ ನೀವೂ ನಿದ್ದೆಗೆಟ್ಟಿದ್ದಿರಿ. ಸಿಲಿಂಡರು ಹೊತ್ತು ಮಹಡಿ ಏರುತ್ತಿದ್ದ ಹುಡುಗರನ್ನು ಕಂಡಾಗ ಆಗ ನಿಮ್ಮ ಬಾಯಲ್ಲಿ ಬಂದ ಮಾತು, ‘ಹುಷಾರು ತಮ್ಮಾ, ನಿಧಾನ.’ ಆ ಹುಡುಗರು ಈಗಲೂ ಅದೇ ಸಿಲಿಂಡರು ಹೊರುತ್ತಿದ್ದಾರೆ. ಆ ಮಾತು ಎಲ್ಲಿ ಹೋಯಿತು?

ಕಾನೂನು ಇಲ್ಲದಿಲ್ಲ. 1884ರ ಸ್ಫೋಟಕ ಕಾಯ್ದೆಯಡಿ ಮಾಡಿದ 2016ರ ಗ್ಯಾಸ್ ಸಿಲಿಂಡರ್ ನಿಯಮಗಳಲ್ಲಿ ಎಲ್ಲವೂ ಇದೆ: ಬೀಳಿಸಕೂಡದು, ಜಾರಿಸಕೂಡದು, ಸೈಕಲ್ಲು ಬೈಕುಗಳ ಮೇಲೆ ಸಾಗಿಸಕೂಡದು, ಹದಿನೆಂಟು ತುಂಬದವರನ್ನು ಇಳಿಸುವ ಏರಿಸುವ ಕೆಲಸಕ್ಕೆ ಹಚ್ಚಕೂಡದು, ಅವಧಿ ಮುಗಿದ ಸಿಲಿಂಡರನ್ನು ಮರುಪರೀಕ್ಷೆಯಿಲ್ಲದೆ ತುಂಬಕೂಡದು. ನಾಗಪುರದಲ್ಲಿ ಇದಕ್ಕೊಂದು ಕೇಂದ್ರ ಕಚೇರಿಯೂ ಇದೆ. ಆದರೆ ಮೂವರು ದುಡಿಯುವ ತಗಡಿನ ಶೆಡ್ಡು ಕಾರ್ಖಾನೆಯ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲಿಗೆ ಇನ್‌ಸ್ಪೆಕ್ಟರು ಬರುವುದಿಲ್ಲ. ಬಂದರೂ ನನಗೆ ದೊಡ್ಡ ನಂಬಿಕೆಯೇನಿಲ್ಲ. ಆ ಶೆಡ್ಡಿಗೆ ತಪ್ಪದೆ ಬರುವವರು ನೀವು, ಗಿರಾಕಿಗಳು.

ಅದಕ್ಕೇ ಈ ಮಾತು ನಿಮಗೆ. ಮಾಲೀಕನನ್ನು ಬೈಯುವುದು ಸುಲಭ, ಅವನೂ ಬಡವನೇ, ಎಷ್ಟೋ ಸಲ ಅವನೂ ಹುಡುಗನ ಜೊತೆಗೇ ಸತ್ತಿರುತ್ತಾನೆ. ಕಿಲೋಗಿಷ್ಟು ಎಂದು ಗೇಟಿನ ದರ ಹೇಳಿದಾಗ ಎರಡು ರೂಪಾಯಿ ಇಳಿಸು ಎಂದವರು ನಾವು. ಆ ಎರಡು ರೂಪಾಯಿ ಅರೆಸ್ಟರಿನಿಂದ ಹೋಯಿತೋ, ಹೊಸ ಪೈಪಿನಿಂದ ಹೋಯಿತೋ, ಹುಡುಗನ ಬೂಟಿನಿಂದ ಹೋಯಿತೋ ನಾವು ಕೇಳಲಿಲ್ಲ. ಹಳೆಯ ಡೀಸೆಲ್ ಟ್ಯಾಂಕು ತಂದಿಟ್ಟು ‘ಖಾಲಿಯಿದೆ, ಸ್ವಲ್ಪ ಬೆಸುಗೆ ಹಾಕಿಕೊಡು’ ಎಂದವರೂ ನಾವೇ. ಖಾಲಿ ಟ್ಯಾಂಕಿನಲ್ಲಿ ಆವಿ ಉಳಿದಿರುತ್ತದೆ, ತೊಳೆದು ಗಾಳಿಯಾಡಿಸದೆ ಜ್ವಾಲೆ ಹಿಡಿದರೆ ಅದು ಬಾಂಬು ಎಂದು ನಮಗೆ ಗೊತ್ತಿತ್ತು, ಆತುರವಿತ್ತು, ಸುಮ್ಮನಿದ್ದೆವು. ‘ಏನಾಗಲ್ಲ ಬಿಡಿ ಸಾರ್, ಹತ್ತು ವರ್ಷದಿಂದ ಹೀಗೇ ಮಾಡ್ತಿದೀವಿ’ ಎಂದು ಮೇಸ್ತ್ರಿ ಹೇಳಿದಾಗ ನಮಗೆ ಒಳಗೊಳಗೇ ಹಗುರಾಯಿತು, ಏಕೆಂದರೆ ಮುಂದೆ ಕೇಳುವ ಕಷ್ಟ ತಪ್ಪಿತು.

ನೀವು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ರಸ್ತೆಯಲ್ಲಿ ಬಿದ್ದವನನ್ನು ಎತ್ತುವವರು ನೀವು, ಮನೆಯಲ್ಲಿ ಗ್ಯಾಸಿನ ವಾಸನೆ ಬಂದರೆ ಮಕ್ಕಳನ್ನು ಹೊರಗೆ ಕಳಿಸಿ ಕಿಟಕಿ ತೆರೆಯುವವರು, ಮಲಗುವ ಮುಂಚೆ ರೆಗ್ಯುಲೇಟರ್ ಆಫ್ ಆಗಿದೆಯೇ ಎಂದು ಎದ್ದು ಹೋಗಿ ನೋಡುವವರು. ಆ ಎಚ್ಚರದಲ್ಲಿ ಒಂದು ಪಾಲು ಆ ಹುಡುಗನಿಗೆ ಬೇಡವೇ? ಒಡಿಶಾದಿಂದಲೋ ಬಿಹಾರದಿಂದಲೋ ರಾಯಚೂರಿನ ಯಾವುದೋ ತಾಂಡಾದಿಂದಲೋ ಬಂದವನು, ಶೆಡ್ಡಿನಲ್ಲೇ ಸಿಲಿಂಡರುಗಳ ಪಕ್ಕ ಮಲಗುವವನು, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನು, ಏನಾದರೂ ಆದರೆ ಪರಿಹಾರ ಕೇಳಲು ಒಂದು ಚೀಟಿಯೂ ಇಲ್ಲದವನು. ಅವನ ತಾಯಿಗೆ ನಮ್ಮ ಭಾಷೆ ಬಾರದು, ನಮ್ಮ ಠಾಣೆ ಗೊತ್ತಿಲ್ಲ, ಕಾರ್ಮಿಕ ಪರಿಹಾರದ ಕಾನೂನು ತನ್ನ ಮಗನಿಗೂ ಇತ್ತೆಂಬುದು ಗೊತ್ತಿಲ್ಲ. ಸಿಡಿದ ಶೆಡ್ಡಿನ ಎದುರು ಟೀ ಮಾರುತ್ತಿದ್ದ ಹೆಂಗಸು, ಗೋಡೆಯಾಚೆ ಮಗ್ಗಿ ಹೇಳುತ್ತಿದ್ದ ಮಗು ಕೂಡ ಸತ್ತವರ ಲೆಕ್ಕದಲ್ಲಿದ್ದಾರೆ, ಅವರು ಯಾರಿಗೂ ಕಿಲೋಗಿಷ್ಟು ಎಂದು ಚೌಕಾಸಿ ಮಾಡಿದವರಲ್ಲ.

ಕೇಳಿ. ಬೈಯಬೇಡಿ, ಫೋಟೋ ತೆಗೆದು ಹೆದರಿಸಬೇಡಿ, ಸುಮ್ಮನೆ ಕೇಳಿ. ಸಿಲಿಂಡರಿಗೆ ಸರಪಳಿ ಎಲ್ಲಿ ಅಣ್ಣಾ ಎಂದು ಕೇಳಿ. ಅರೆಸ್ಟರ್ ಹಾಕಿದ್ದೀರಾ ಎಂದು ಕೇಳಿ. ಸೋರಿಕೆ ನೋಡಲು ಸೋಪಿನ ನೊರೆ ಹಚ್ಚುತ್ತೀರೋ, ಬೆಂಕಿಕಡ್ಡಿ ಗೀರುತ್ತೀರೋ ಎಂದು ಕೇಳಿ. ಈ ಹುಡುಗನಿಗೆ ವಯಸ್ಸೆಷ್ಟು, ಕಲಿಸಿದವರು ಯಾರು ಎಂದು ಕೇಳಿ. ಆಕ್ಸಿಜನ್ನಿನಲ್ಲಿ ಅಂಗಿ ಝಾಡಿಸಬೇಡ ಕಂದಾ ಎಂದು ಅವನಿಗೆ ನೀವೇ ಹೇಳಿ, ಯಾಕೆಂದೂ ಹೇಳಿ. ಒಬ್ಬ ಗಿರಾಕಿ ಕೇಳಿದರೆ ಮೇಸ್ತ್ರಿ ನಗಬಹುದು, ಇಬ್ಬರು ಕೇಳಿದರೆ ಮುಖ ಗಂಟಿಕ್ಕಬಹುದು, ಹತ್ತನೆಯವರು ಕೇಳುವ ಹೊತ್ತಿಗೆ ಗೋಡೆಗೊಂದು ಕೊಂಡಿ ಬಿದ್ದಿರುತ್ತದೆ. ಮುಂದಿನ ಸಲ ಗೇಟಿಗೆ ಅಳತೆ ಕೊಡಲು ಹೋದಾಗ ದರ ಇಳಿಸಬೇಡಿ; ಸರಪಳಿಯ ದುಡ್ಡು, ಅರೆಸ್ಟರಿನ ದುಡ್ಡು ನನ್ನ ಬಿಲ್ಲಿಗೇ ಸೇರಿಸಿ, ಅವು ಬಂದ ಮೇಲೇ ನನ್ನ ಕೆಲಸ ಶುರು ಮಾಡಿ ಎನ್ನಿ.