ಅಂಕಪಟ್ಟಿಯಲ್ಲಿ ಕಾಣದ ಗುಣ
ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ 180 ಪ್ರಶ್ನೆ, 720 ಅಂಕ. ವೈದ್ಯರಾಗಬಯಸುವವರಿಂದ ‘ನೀಟ್’ ಕೇಳುವುದು ಇಷ್ಟನ್ನೇ. ರೋಗಿಯ ಮಾತನ್ನು ತಾಳ್ಮೆಯಿಂದ ಆಲಿಸಬಲ್ಲರೇ, ಕೆಟ್ಟ ಸುದ್ದಿಯನ್ನು ಮನೆಯವರಿಗೆ ಮೃದುವಾಗಿ ತಿಳಿಸಬಲ್ಲರೇ ಎಂಬುದು ಯಾವ ಉತ್ತರಪತ್ರಿಕೆಯಲ್ಲೂ ಕಾಣದು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಹಿಂದೆ ಸಂದರ್ಶನ ನಡೆಸಿ ಇದನ್ನು ಅಳೆಯಲು ಯತ್ನಿಸುತ್ತಿತ್ತು; 2020ರಲ್ಲಿ ಸುಪ್ರೀಂ ಕೋರ್ಟ್ ‘ನೀಟ್’ ಅಲ್ಲಿಗೂ ಅನ್ವಯವೆಂದಿತು.

ಹಾಗೆಂದು ಸಂದರ್ಶನ ಮರಳಲಿ ಎನ್ನಲಾರೆ. ಕ್ಯಾಪಿಟೇಷನ್ ಹಾವಳಿ ತಡೆಯಲು 1984ರಲ್ಲೇ ಕಾಯ್ದೆ ಮಾಡಬೇಕಾಗಿ ಬಂದ ರಾಜ್ಯ ನಮ್ಮದು. ‘ಸೇವಾ ಮನೋಭಾವ’ಕ್ಕೂ ಇಲ್ಲಿ ದರ ನಿಗದಿಯಾದೀತು. ಗುಣಪರೀಕ್ಷೆ ಪ್ರವೇಶದ ನಂತರವೇ ನಡೆಯಲಿ. 2019ರ ಎಂಬಿಬಿಎಸ್ ಪಠ್ಯಕ್ರಮ ನಡವಳಿಕೆ, ನೀತಿ, ಸಂವಹನಗಳ ಪಾಠವನ್ನು ಸೇರಿಸಿಕೊಂಡಿತು. ಅದು ಹಾಜರಿ ಪುಸ್ತಕಕ್ಕೆ ಸೀಮಿತವಾಗದೆ, ವಾರ್ಡಿನಲ್ಲಿ ರೋಗಿಯ ಮಂಚದ ಬಳಿಯೇ ಪರೀಕ್ಷೆಯಾಗಬೇಕು. ಅಲ್ಲಿ ಸೋತವರನ್ನು ಮುಂದಿನ ವರ್ಷಕ್ಕೆ ದಾಟಿಸಕೂಡದು.