ಹತ್ತು ಕೋರ್ಟ್ ಜಾಗ ಸರಿ, ಬಿಲ್ ಎಲ್ಲಿ?

(1/4)
"ನೀನು ಬಿಕಾಂ, ನಿಂಗ್ಯಾಕೆ ಕೆಮಿಸ್ಟ್ರಿ?" ಅಂತ ಮೊನ್ನೆ ಸ್ಟೋರಿಗೆ ರಿಪ್ಲೈ ಮಾಡಿದ್ರಲ್ಲ, ಬಿಕಾಂ ಆಗಿರೋದಕ್ಕೇ ಕೇಳ್ತಿದೀನಿ ಗುರು. ಚಮಚದಷ್ಟು ಪುಡಿ ಗಾಳಿಯ ಕಾರ್ಬನ್ ಎಲ್ಲಾ ನುಂಗತ್ತೆ ಅನ್ನೋ ರೀಲ್‌ಗೆ ಹಾರ್ಟ್ ಒತ್ತಿದ್ರಿ. ಒಬ್ಬರಾದ್ರೂ ರೇಟ್ ಕೇಳಿದ್ರಾ?

(2/4)
ಮೊದಲು ವಸ್ತುವಿಗೆ ಕೊಡಬೇಕಾದ ಮರ್ಯಾದೆ ಕೊಡೋಣ. ಹೆಸರು ಕಾಂಜುಗೇಟೆಡ್ ಮೈಕ್ರೋಪೋರಸ್ ಪಾಲಿಮರ್. ಬೆಂಜೀನ್ ಉಂಗುರಗಳನ್ನು ಬಗ್ಗದ ಕಡ್ಡಿಗಳಂಥ ಕೊಂಡಿಗಳಿಂದ ಬಲೆಯ ಹಾಗೆ ಜೋಡಿಸ್ತಾರೆ. ಬಗ್ಗಲ್ಲ ಅಂದ್ಮೇಲೆ ಒತ್ತಾಗಿ ಕೂರೋದೂ ಇಲ್ಲ; ನಡುವೆ 2 ನ್ಯಾನೋಮೀಟರ್‌ಗಿಂತ ಸಣ್ಣ ರಂಧ್ರಗಳು ಉಳಿಯುತ್ತವೆ. ಕಡ್ಡಿಯ ಉದ್ದ ಬದಲಿಸಿದರೆ ರಂಧ್ರದ ಅಳತೆಯೂ ಬದಲು. 2007ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಆಂಡ್ರ್ಯೂ ಕೂಪರ್ ತಂಡ ಇದನ್ನು ವರದಿ ಮಾಡಿತು. ಒಂದು ಗ್ರಾಂ ಒಳಗೆ 834 ಚದರ ಮೀಟರ್‌ವರೆಗೆ ಮೇಲ್ಮೈ. ಅಂದ್ರೆ ಹತ್ತು ಬ್ಯಾಡ್ಮಿಂಟನ್ ಕೋರ್ಟ್!

(3/4)
ವಾವ್ ಅಂದ್ರಾ? ನೀರಿನ ಫಿಲ್ಟರ್‌ನಲ್ಲಿರೋ ತೆಂಗಿನ ಚಿಪ್ಪಿನ ಇದ್ದಿಲಿಗೂ ಗ್ರಾಂಗೆ ಸುಮಾರು 1000 ಚದರ ಮೀಟರ್ ಇರತ್ತೆ. ಅದು ಮೂಟೆಗಟ್ಟಲೆ ಸಿಗತ್ತೆ. ಈ ಪಾಲಿಮರ್ ಜೋಡಿಸೋಕೆ ಆ ತಂಡ ಬಳಸಿದ್ದು ಪಲ್ಲಾಡಿಯಂ. ಪ್ಲಾಟಿನಂ ಕುಟುಂಬದ ಲೋಹ, ರೇಟೂ ಅದೇ ಕುಟುಂಬದ್ದು. ಕಾಸ್ಟ್ ಶೀಟ್‌ನಲ್ಲಿ ಮೆಟೀರಿಯಲ್ ಕಾಲಂ ಖಾಲಿ ಬಿಟ್ರೆ ನಮಗೆ ಸೊನ್ನೆ ಹಾಕ್ತಾರೆ. ರೀಲ್‌ನವರಿಗೆ ಲಕ್ಷ ವ್ಯೂಸ್!

ಇನ್ನೊಂದು ಮಜಾ ಇದೆ. ತೊಳೆದರೂ ಸ್ವಲ್ಪ ಪಲ್ಲಾಡಿಯಂ ಪುಡಿಯೊಳಗೇ ಉಳಿಯತ್ತೆ. ಬೆಳಕಿನಿಂದ ಹೈಡ್ರೋಜನ್ ಮಾಡುವಾಗ ಎಷ್ಟೋ ಸಲ ಆ ಉಳಿಕೆ ಲೋಹವೂ ಕೆಲಸ ಮಾಡ್ತಿರತ್ತೆ ಅಂತ ಕೆಮಿಸ್ಟ್‌ಗಳೇ ತೋರಿಸಿದ್ದಾರೆ. ದುಡಿದದ್ದು ಒಬ್ಬ, ಕ್ರೆಡಿಟ್ ಇನ್ನೊಬ್ಬನ ಖಾತೆಗೆ.

(4/4)
ಹಾಗಂತ ಇದು ವೇಸ್ಟ್ ಅಂತಿಲ್ಲ, ಸ್ಕ್ರೀನ್‌ಶಾಟ್ ಹೊಡೆದು ಜಗಳಕ್ಕೆ ಬರಬೇಡಿ. ಒಂಟಿ ಬಂಧ, ಜೋಡಿ ಬಂಧ ಸರದಿಯಲ್ಲಿ ಬರೋದ್ರಿಂದ ಎಲೆಕ್ಟ್ರಾನ್‌ಗಳು ಒಂದೇ ಬಂಧಕ್ಕೆ ಅಂಟಿಕೊಳ್ಳದೆ ಹರಡ್ತವೆ; ಪುಡಿ ಬೆಳಕು ಹೀರಿ ಕೆಲಸ ಮಾಡತ್ತೆ. ಇದ್ದಿಲಿಗೆ ಆ ಯೋಗ್ಯತೆ ಇಲ್ಲ. ಬೆಂಗಳೂರಿನ ಜಕ್ಕೂರಲ್ಲಿರೋ ಜವಾಹರಲಾಲ್ ನೆಹರು ಸೆಂಟರ್‌ನಲ್ಲಿ ಇಂಥ ಪಾಲಿಮರ್‌ಗಳಿಂದ ಕಾರ್ಬನ್ ಡೈಆಕ್ಸೈಡನ್ನು ಇಂಧನ ಮಾಡೋ ಸಂಶೋಧನೆಯೂ ನಡೆದಿದೆ. ಕೆಲವು ಬಗೆಯವನ್ನು ಅಗ್ಗದ ಕಬ್ಬಿಣದ ಕ್ಲೋರೈಡ್ ಹಾಕಿಯೂ ಜೋಡಿಸಬಹುದು. ರೀಲ್ ಮಾಡೋದಾದ್ರೆ ಅದನ್ನ ಮಾಡಿ! ಈ ಪುಡಿ ಕರಗಲ್ಲ, ಕಾಯಿಸಿದ್ರೆ ಪ್ಲಾಸ್ಟಿಕ್ ಥರ ಹರಿಯಲ್ಲ, ಹಾಳೆ ಮಾಡೋದು ತಲೆನೋವು ಅನ್ನೋದನ್ನೂ ಹೇಳಿ.

ಇನ್ನು ಮುಂದೆ ಇಂಥ ಪ್ರತಿ ರೀಲ್ ಕೆಳಗೂ ನನ್ನದು ಒಂದೇ ಕಮೆಂಟ್: "ಕಿಲೋಗೆ ಎಷ್ಟು?" ನೀವೂ ಹಾಕಿ. ಉತ್ತರ ಕೊಟ್ಟವರನ್ನ ಇಲ್ಲಿ ಟ್ಯಾಗ್ ಮಾಡಿ, ಅವರ ರೀಲನ್ನ ನಾನೇ ಶೇರ್ ಮಾಡ್ತೀನಿ.