ಬಾಯಿಕುಕ್ಕೆ ಕಂಡು ನಾಯಿಯನ್ನು ದೂರಬೇಡಿ

ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಈಚೆಗೆ ನನಗೊಂದು ಹೊಸ ಹೆಸರು ಬಂದಿದೆ: 'ಕಚ್ಚುವ ನಾಯಿಯವರು'. ನಮ್ಮ ಟಾಮಿ ಇದುವರೆಗೆ ಯಾರನ್ನೂ ಕಚ್ಚಿದ್ದಿಲ್ಲ. ಆದರೂ ಸಂಜೆ ಬ್ಯಾಂಕಿನಿಂದ ಬಂದು ಅದನ್ನು ತಿರುಗಾಡಿಸಲು ಕೆಳಗಿಳಿದರೆ ತಾಯಂದಿರು ಮಕ್ಕಳನ್ನು ಬದಿಗೆ ಎಳೆದುಕೊಳ್ಳುತ್ತಾರೆ. ಕಾರಣ, ಅದರ ಬಾಯಿಗೆ ಹಾಕಿರುವ ಮಝಲ್. ಊರ ಮಾತಿನಲ್ಲಿ ಹೇಳುವುದಾದರೆ ಬಾಯಿಕುಕ್ಕೆ. ಇನ್ನು ಕೆಲವರು, "ಮೂಕ ಪ್ರಾಣಿಗೆ ಇದೆಂಥ ಶಿಕ್ಷೆ ಮಾರಾಯ್ರೇ?" ಎಂದು ಕೇಳುತ್ತಾರೆ. ಇಬ್ಬರಿಗೂ ಉತ್ತರವಾಗಿ ಈ ನಾಲ್ಕು ಮಾತು.

ಟಾಮಿಗೆ ದಾರಿಯಲ್ಲಿ ಬಿದ್ದುದನ್ನೆಲ್ಲ ತಿನ್ನುವ ಚಟ. ಕಳೆದ ಮಳೆಗಾಲದಲ್ಲಿ ಕಸದ ಡಬ್ಬಿಯ ಬಳಿ ಬಿದ್ದಿದ್ದ ಕೋಳಿ ಎಲುಬು ನುಂಗಿ ಎರಡು ದಿನ ಅನ್ನ ನೀರು ಬಿಟ್ಟು ಮಲಗಿತು. ವೈದ್ಯರು ಶಸ್ತ್ರಕ್ರಿಯೆ ಮಾಡಿ ಉಳಿಸಿದರು. ಬೇಯಿಸಿದ ಎಲುಬು ಮೊನಚಾಗಿ ಸೀಳುತ್ತದೆ, ಗಂಟಲು ಕರುಳುಗಳನ್ನು ಚುಚ್ಚುತ್ತದೆ. ಇಲಿ ಪಾಷಾಣವಂತೂ ಇನ್ನೂ ಅಪಾಯ. ಕೆಲವು ಬಗೆಯ ಪಾಷಾಣ ತಿಂದರೆ ರಕ್ತ ಹೆಪ್ಪುಗಟ್ಟುವುದೇ ನಿಲ್ಲುತ್ತದೆ, ಅದು ನಮ್ಮ ಗಮನಕ್ಕೆ ಬರುವಷ್ಟರಲ್ಲಿ ಎರಡು ಮೂರು ದಿನ ಕಳೆದಿರುತ್ತದೆ. "ಹಗ್ಗ ಬಿಗಿ ಹಿಡಿದರೆ ಸಾಲದೇ?" ಎನ್ನಬಹುದು. ಕತ್ತಲಲ್ಲಿ ನಮ್ಮ ಕಣ್ಣಿಗೆ ಬೀಳುವ ಮೊದಲೇ ಅದರ ಮೂಗಿಗೆ ವಾಸನೆ ಬಡಿದು, ವಸ್ತು ಬಾಯೊಳಗೆ ಸೇರಿರುತ್ತದೆ.

ಊರಿನಲ್ಲಿ ಎಳೆಗರು ಮಣ್ಣು ತಿನ್ನದಿರಲೆಂದು ಬಾಯಿಗೆ ಕುಕ್ಕೆ ಕಟ್ಟುತ್ತಿದ್ದುದನ್ನು ನನ್ನ ಓರಗೆಯವರು ಕಂಡಿದ್ದಾರೆ. ಅದನ್ನು ಯಾರೂ ಶಿಕ್ಷೆ ಎನ್ನಲಿಲ್ಲ, ಕರುವಿನ ಮೇಲಿನ ಕಾಳಜಿ ಎಂದರು.

ಆದರೆ ಎಲ್ಲ ಕುಕ್ಕೆಯೂ ಒಂದೇ ಅಲ್ಲ. ಅಗ್ಗವೆಂದು ನಾನು ಮೊದಲು ತಂದದ್ದು ಬಾಯಿಯನ್ನೇ ಬಿಗಿಯುವ ಬಟ್ಟೆಯ ಪಟ್ಟಿ. ಅದು ತಪ್ಪಾಯಿತು. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಮುಂಬಯಿಯ ಸೆಕೆಯಲ್ಲಿ ಬಾಯಿ ಕಟ್ಟಿ ನಡೆಸಿದರೆ ಪ್ರಾಣಕ್ಕೇ ಸಂಚಕಾರ. ಬುಟ್ಟಿಯಾಕಾರದ ಕುಕ್ಕೆಯಾದರೆ ಅದು ನಾಲಗೆ ಚಾಚಬಹುದು, ನೀರೂ ಕುಡಿಯಬಹುದು. ಮುಂಭಾಗದ ಸಂದು ದೊಡ್ಡದಿದ್ದರೆ ತಿಂಡಿ ಒಳಗೆಳೆದುಕೊಳ್ಳುತ್ತದೆ, ಅದನ್ನು ನೋಡಿ ಕೊಳ್ಳಬೇಕು.

ತಂದ ದಿನವೇ ಬಲವಂತವಾಗಿ ತೊಡಿಸಲೂ ಬಾರದು. ಕುಕ್ಕೆಯೊಳಗೆ ತಿಂಡಿ ಇಟ್ಟು, ತಾನಾಗಿ ಮೂತಿ ಹಾಕುವವರೆಗೆ ಕಾಯಬೇಕು. ಮೊದಲು ಐದು ಸೆಕೆಂಡು, ನಂತರ ಅರ್ಧ ನಿಮಿಷ, ಹೀಗೆ. ನಮಗೆ ಎರಡು ವಾರ ಹಿಡಿಯಿತು. ಈಗ ಕುಕ್ಕೆ ಕೈಗೆತ್ತಿಕೊಂಡರೆ ಟಾಮಿ ಬಾಲ ಆಡಿಸುತ್ತದೆ. ಮನೆಗೆ ಬಂದೊಡನೆ ಅದನ್ನು ತೆಗೆದುಬಿಡುತ್ತೇವೆ. 'ಬಿಡು' ಎಂದರೆ ಬಿಡುವ ಅಭ್ಯಾಸವನ್ನೂ ಜತೆಜತೆಗೆ ಕಲಿಸುತ್ತಿದ್ದೇವೆ.

ಕೊನೆಗೊಂದು ಮಾತು ನಮ್ಮ ಸಂಘ ಸಂಸ್ಥೆಗಳ ಬಾಂಧವರಿಗೆ. ವಾರ್ಷಿಕೋತ್ಸವ, ಸ್ನೇಹಕೂಟಗಳಲ್ಲಿ ಊಟ ಭರ್ಜರಿಯಾಗಿಯೇ ಇರುತ್ತದೆ. ಊಟವಾದ ಮೇಲೆ ಎಲುಬು ತುಂಬಿದ ತಟ್ಟೆಗಳು ಸಭಾಗೃಹದ ಹಿಂದಿನ ಗಲ್ಲಿಯಲ್ಲಿ ಬಿದ್ದಿರುವುದನ್ನು ನಾನೇ ಕಂಡಿದ್ದೇನೆ. ನನ್ನ ನಾಯಿಗೆ ಕುಕ್ಕೆಯಿದೆ, ಬೀದಿ ನಾಯಿಗಳಿಗೆ ಯಾರು ಹಾಕುತ್ತಾರೆ? ಕಾರ್ಯಕ್ರಮದ ಪಟ್ಟಿಯಲ್ಲಿ ವಂದನಾರ್ಪಣೆಯ ನಂತರ ಎಂಜಲನ್ನು ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಒಪ್ಪಿಸುವ ಜವಾಬ್ದಾರಿಯನ್ನೂ ಯಾರಿಗಾದರೂ ವಹಿಸಿಕೊಡಿ. ಕುಕ್ಕೆ ಹಾಕಿದ ನಾಯಿ ಎದುರಾದರೆ ಹೆದರಿ ದೂರ ಸರಿಯುವ ಮೊದಲು ಯಜಮಾನರನ್ನು ಒಂದು ಮಾತು ಕೇಳಿ.